ನೆಲಕ್ಕೆ ಹಚ್ಚಿದ ಕಿವಿ

ಊರಲ್ಲಿ ಮೆಕ್ಯಾನಿಕ್‌ಗಳಿಗೇನೂ ಬರವಿಲ್ಲ. ಆದರೆ ‘ಕಿವಿ ಮೇಸ್ತ್ರಿ’ ಎಂದರೆ ನಾನೊಬ್ಬನೇ. ನನ್ನ ತಮ್ಮ ಗಾಡಿ ಓಡಿಸುತ್ತಿದ್ದ, ನಾನು ಹಿಂದಿನ ಸೀಟು ತೆಗೆಸಿ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಎರಡು ತಿರುವಿನೊಳಗೆ ಹೇಳುತ್ತಿದ್ದೆ. ಎರಡು ವರ್ಷದ ಹಿಂದೆ ಅವನು, “ಅಣ್ಣಾ, ನಿಂಗೆ ಕಿವಿ ಮಂದ ಆಗ್ತಿದೆ, ಡಾಕ್ಟರಿಗೆ ತೋರ್ಸೋಣ” ಅಂದ. ಅದೂ ಗಿರಾಕಿಗಳ ಎದುರಿಗೆ. ನನಗೆ ಸಿಟ್ಟು ನೆತ್ತಿಗೇರಿತು. “ನನ್ನ ಶೆಡ್ಡಲ್ಲಿ ನಿಂತು ನಂಗೇ ಬುದ್ಧಿ ಹೇಳ್ತೀಯಾ? ನಡಿ ಆಚೆ” ಅಂದೆ. ನಡೆದೇಬಿಟ್ಟ. ಅವನು ಹೇಳಿದ್ದು ನಿಜ, ಅದಕ್ಕೇ ಅಷ್ಟು ಉರಿ.

ಅವನು ಹೋದ ಮೇಲೆ ಶೆಡ್ಡಿನಲ್ಲಿ ಮಾತಾಡಲು ಯಾರೂ ಇಲ್ಲ. ಬೇಕೆನಿಸಿದಾಗ ಸ್ಪ್ಯಾನರಿಗೇ ಬೈಯುತ್ತೇನೆ. ಅದು ತಿರುಗಿ ಬೈಯುವುದಿಲ್ಲ, ಅದೇ ಬೇಜಾರು.

ಹೋದ ತಿಂಗಳು ಹಲ್ಲಿನ ಡಾಕ್ಟರಮ್ಮ ತಮ್ಮ ಕೆಂಪು ಕಾರು ತಂದರು. ಜೋರು ಓಟಕ್ಕೆಂದೇ ಮಾಡಿದ್ದು, ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಅಂಥ ಕಾರಿಗೆ ಮೂರು ಡಿಫರೆನ್ಷಿಯಲ್ಲು: ಮುಂದೊಂದು, ಹಿಂದೊಂದು, ನಡುವೆ ಒಂದು. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಸುತ್ತಲು ಬಿಡುವ ಗೇರುಗಳ ಪೆಟ್ಟಿಗೆ ಅದು.

“ಅರವತ್ತು ದಾಟಿದ್ರೆ ಹೂಂ ಅಂತ ಮುಲುಗುತ್ತೆ ಮೇಸ್ತ್ರಿ” ಅಂದರು.

ಅವರು ಓಡಿಸಿದರು, ನಾನು ಮಲಗಿದೆ. ಟೈರಿನ ಗರಗರ ಬಿಟ್ಟರೆ ಏನೂ ಕೇಳಲಿಲ್ಲ. ಕೇಳಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು “ಹಿಂದಿನದು” ಎಂದು, ಅದನ್ನೇ ಹೇಳಿದೆ.

ಎರಡು ದಿನ ಕೂತು ಹಿಂದಿನ ಪೆಟ್ಟಿಗೆ ಬಿಚ್ಚಿದೆ. ಗೇರಿನ ಹಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು. ಎಣ್ಣೆಯಲ್ಲಿ ಲೋಹದ ಪುಡಿ ಚಿಟಿಕೆಯಷ್ಟೂ ಇಲ್ಲ. ಇನ್ನು ಉಳಿದೆರಡನ್ನೂ ಹೀಗೇ ಬಿಚ್ಚಿ ತಡಕಾಡಿದರೆ ಕಿವಿ ಮೇಸ್ತ್ರಿಯ ಮರ್ಯಾದೆ ಮೂರು ಕಾಸು. ಆಮೇಲೆ ಯಾರು ಬರುತ್ತಾರೆ? ಈ ಶೆಡ್ಡು ಬಿಟ್ಟರೆ ನನಗೆ ಬೇರೆ ಏನಿದೆ?

ಎಲ್ಲ ತಿರುಗಿ ಜೋಡಿಸಿ, ಮರುದಿನ ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ.

“ಏನು?” ಅಂದ. ಅಣ್ಣಾ ಎನ್ನಲಿಲ್ಲ.

“ಒಂದು ಗಾಡಿ ಸದ್ದು ಕೇಳ್ಬೇಕಿತ್ತು” ಅಂದೆ.

ಡಾಕ್ಟರಮ್ಮ ಓಡಿಸಿದರು. ನನ್ನ ಕಿವಿ ಇರಬೇಕಾದ ಜಾಗದಲ್ಲಿ ಫೋನು ಹಿಡಿದು ಮಲಗಿದೆ.

“ನಡುವಿನದು” ಅಂದ ತಮ್ಮ. “ನೇರ ರಸ್ತೇಲೂ ಬಿಡದೆ ದುಡೀತಿದೆ. ಟೈರ್ ಅಳತೆ ತಗೊಂಡ್ಯಾ?”

ತಗೊಂಡಿರಲಿಲ್ಲ. ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಕೆಲಸ! ಕಿವಿಯ ಜಂಬದಲ್ಲಿ ಟೇಪು ಹಿಡಿಯುವುದನ್ನೇ ಬಿಟ್ಟಿದ್ದೆ. ಮುಂದಿನೆರಡು ಟೈರು ಸವೆದಿದ್ದವು, ಹಿಂದಿನೆರಡು ಹೊಚ್ಚ ಹೊಸವು, ಸುತ್ತಳತೆ ಒಂದು ಅಂಗುಲ ಹೆಚ್ಚು.

“ಹಿಂದಿನದೊಂದು ಒಡೆದಿತ್ತು, ಹಿಂದಿನ ಜೋಡಿ ಮಾತ್ರ ಬದಲಾಯಿಸ್ದೆ” ಅಂದರು ಡಾಕ್ಟರಮ್ಮ. ಹಿಂದೆ-ಮುಂದಿನ ಚಕ್ರಗಳ ಆ ಒಂದು ಅಂಗುಲದ ವ್ಯತ್ಯಾಸ ಸರಿದೂಗಿಸುತ್ತ ನಡುವಿನ ಪೆಟ್ಟಿಗೆ ಕಾದು ಮುಲುಗುತ್ತಿತ್ತು.

ನಾಲ್ಕೂ ಕಡೆ ಒಂದೇ ಅಳತೆಯ ಟೈರು ಹಾಕಿ, ಎಣ್ಣೆ ಬದಲಿಸಿ, ಮತ್ತೆ ಫೋನು ಹಿಡಿದು ಮಲಗಿದೆ.

“ಹೋಯ್ತು” ಅಂದ. “ನಿಂಗೂ ಗೊತ್ತಾಯ್ತಲ್ಲ?”

ಡಾಕ್ಟರಮ್ಮ ಮುಂದೆಯೇ ಕೂತಿದ್ದರು. ಆದರೂ ಹೇಳಿಬಿಟ್ಟೆ: “ಇಲ್ಲ ಕಣೋ. ಇದ್ದಾಗ್ಲೂ ಕೇಳ್ಲಿಲ್ಲ, ಹೋದಾಗ್ಲೂ ಕೇಳ್ಲಿಲ್ಲ.”

“ನಾನು ವಾಪಸ್ ಬರಲ್ಲ ಅಣ್ಣಾ, ಇಲ್ಲೇ ಕೆಲಸ ಹಿಡಿದಿದೀನಿ. ಗಾಡಿ ಬಂದ್ರೆ ಫೋನ್ ಮಾಡು.”

ಅಂಥ ಗಾಡಿ ದಿನಾ ಎಲ್ಲಿ ಬರುತ್ತದೆ? ಬಂದರೆ ಬ್ರೇಕು, ಇಲ್ಲವೇ ಬಲ್ಬು. ಮೂರು ವಾರ ಕಾದೆ. ನಿನ್ನೆ ಸಂಜೆ ಶೆಡ್ಡಿನ ಹಿಂದೆ ನಿಂತಿದ್ದ ಹಳೇ ವ್ಯಾನು ಹತ್ತಿ, ಅವನಿಗೆ ಫೋನ್ ಹಚ್ಚಿ, ಪಕ್ಕದ ಸೀಟಿನ ಮೇಲಿಟ್ಟು ಎರಡು ಸುತ್ತು ಹೊಡೆದೆ.

“ಇದು ನಮ್ಮ ವ್ಯಾನಲ್ವಾ ಅಣ್ಣಾ?” ಅಂದ. “ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ.”

“ಸರಿಯಾಗಿ ಕೇಳೋ” ಅಂದೆ. “ಇನ್ನೊಂದು ಸುತ್ತು ಹೋಗ್ತೀನಿ.”