ಮಿಣುಕಿ ಹಗಲಲ್ಲಿ ಕತೆ ಹೇಳಿದಾಗ

ಮಿಣುಕಿ ಎಂಬ ಹುಡುಗಿ ಕಲ್ಲಿಗೆ ಕಲ್ಲಿನದೇ ಕತೆ ಹೇಳಿದರೆ ಕಲ್ಲು ಸರಿದು ದಾರಿ ಬಿಡುತ್ತಿತ್ತು. ಬೆಂಕಿಗೆ ಬೆಂಕಿಯ ಕತೆ ಹೇಳಿದರೆ ಬೆಂಕಿ ತಣ್ಣಗಾಗುತ್ತಿತ್ತು. ಶುಕ್ರವಾರಕ್ಕೊಂದು ಕಂತಿನಂತೆ ಮೊಬೈಲಿನಲ್ಲಿ ಬರುವ ‘ಮಸಿಮಲೆ’ ಚಿತ್ರಕತೆಯ ಮಾಯೆ ಇಷ್ಟೇ. ಅದರ ಕಟ್ಟಳೆ ಏನೆಂದು ಮಾತ್ರ ಚಿತ್ರಕಾರರು ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ಅಗೆದು ತೆಗೆಯುವುದೇ ಹೈದರಾಬಾದಿನ ನಲವತ್ತು ಓದುಗರ ವಾಟ್ಸಾಪ್ ಗುಂಪಿನ ಕಸುಬು.

ಹಗಲಲ್ಲಿ ಮಿಣುಕಿಯ ಮಾಯೆ ಸೊರಗುತ್ತದೆ ಎಂಬುದು ಗುಂಪಿನ ಹಿರೇತನ ಮಾಡುವ ತರುಣ ಎಂಬವನ ವಾದ. ವರ್ಷವಿಡೀ ಸುಮ್ಮನೆ ಓದಿಕೊಂಡಿದ್ದ ವಿಜಯಶ್ರೀ ಮೊನ್ನೆ ಮೊದಲ ಸಲ ಬರೆದಳು: ‘ಸೊರಗುವುದಿಲ್ಲ. ಅವಳು ಹಗಲಲ್ಲಿ ಕತೆ ಹೇಳಿದಾಗಲೆಲ್ಲ ಯಾರೋ ಒಬ್ಬರು ದಾರಿ ತಪ್ಪುತ್ತಾರೆ.’ ಹನ್ನೆರಡನೇ ಕಂತಿನಲ್ಲಿ ಉಪ್ಪು ಮಾರುವವನು ತಪ್ಪಿದ್ದ, ಹತ್ತೊಂಬತ್ತರಲ್ಲಿ ಮದುವೆ ದಿಬ್ಬಣವೇ ತಪ್ಪಿತ್ತು. ಮೂವತ್ತೊಂದರಲ್ಲೂ ಮಿಣುಕಿ ಹಗಲಲ್ಲೇ ಕತೆ ಹೇಳಿದ್ದಳು, ತಪ್ಪಿದವರು ಯಾರು? ಅದು ವಿಜಯಶ್ರೀಗೂ ತಿಳಿದಿರಲಿಲ್ಲ.

‘ಮೂರನೆಯದನ್ನೂ ತೋರಿಸಿದರೆ ನಮ್ಮ ಕಟ್ಟಳೆಗಳ ಪಟ್ಟಿಗೆ ಸೇರಿಸ್ತೀನಿ. ಶುಕ್ರವಾರ ನಾಲ್ಕಕ್ಕೆ ಹೊಸ ಕಂತು ಬರೋದರೊಳಗೆ. ಬಂದ ಮೇಲೆ ಎಲ್ಲರೂ ಜಾಣರೇ’ ಎಂದಿದ್ದ ತರುಣ.

ಇವತ್ತು ಶುಕ್ರವಾರ, ಆಗಲೇ ಮೂರು ಗಂಟೆ. ದಿಲ್‌ಸುಖ್‌ನಗರದ ಮನೆಯಲ್ಲಿ ಅಜ್ಜಿ ಗುರುಬಾಯಿ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಕೂತಿದ್ದಳು.

‘ಆಯಿ, ಹಗಲೊತ್ತು ಕತಿ ಹೇಳಿದ್ರ...’

‘ಬಾಯಿ ಮುಚ್ಚ! ನಿಮ್ಮಪ್ಪ ಪಟಾನ್‌ಚೆರು ಬಸ್ಸಿನ್ಯಾಗ ಅದಾನ. ದಾರಿ ತಪ್ಪಿದ್ರ ನೀ ಹುಡುಕಿ ತರ್ತಿಯೇನು?’

‘ಬಸ್ಸಿಗಿ ಡ್ರೈವರ್ ಇರತಾನಲ್ಲ.’

‘ಡ್ರೈವರ್ ಏನ್ ದೇವರೇನ?’

ಕತೆ ಬೇಡ, ಬರೀ ಚಿತ್ರ ನೋಡು ಎಂದು ವಿಜಯಶ್ರೀ ಮೂವತ್ತೊಂದನೇ ಕಂತು ತೆಗೆದುಕೊಟ್ಟಳು. ಚಿತ್ರಕ್ಕೆ ದೋಷವಿಲ್ಲವೆಂದು ಅಜ್ಜಿ ಕನ್ನಡಕ ಏರಿಸಿದಳು. ನಡುಹಗಲು, ಬತ್ತಿದ ಬಾವಿ, ದಂಡೆಯ ಮೇಲೆ ಮಿಣುಕಿ.

‘ಇಕಿ ಯಾರಿಗಿ ಹೇಳಾಕತ್ಯಾಳ?’

‘ಬಾವಿಗಿ.’

‘ಹೂಂ ಅನ್ನಾವ್ರು?’

‘ಯಾರೂ ಇಲ್ಲ ಆಯಿ.’

‘ಹಂಗಾರ ಮುಗೀತು ಬಿಡು. ಹೂಂ ಅನ್ನಾವ್ರು ಇಲ್ಲಂದ್ರ ಕತಿ ಹೇಳಿದಾಕಿ ಕಾಲಿಗೇ ಸುತ್ತಕೋತೈತಿ. ಪಾಪ, ಒಬ್ಬಾಕೀನೇ ಕುಂತಾಳ ಕೂಸು.’

ವಿಜಯಶ್ರೀಗೆ ಥಟ್ಟನೆ ನೆನಪಾಯಿತು. ಮಿಣುಕಿಯ ಮಾತಿಗೆಲ್ಲ ತಲೆಯಾಡಿಸುತ್ತಿದ್ದ ಗೂಬೆ ಮೂವತ್ತನೇ ಕಂತಿನಲ್ಲೇ ಹಾರಿಹೋಗಿತ್ತಲ್ಲ! ಅವಳು ಮುಂದಿನ ಪುಟಗಳನ್ನು ಸರಸರನೆ ಸರಿಸಿದಳು. ಮುರಿದ ಬಂಡಿಯೊಂದರ ಪಕ್ಕ ಮಿಣುಕಿ ನಡೆದುಹೋಗುತ್ತಾಳೆ. ಎಂಟು ಚಿತ್ರ ದಾಟಿದರೆ ಮತ್ತೆ ಅದೇ ಬಂಡಿ. ಕೊನೆಯಲ್ಲಿ ಇನ್ನೊಮ್ಮೆ.

ದಾರಿ ತಪ್ಪಿದವಳು ಮಿಣುಕಿಯೇ.

ಮೂರೂ ಚಿತ್ರ ಕತ್ತರಿಸಿ, ಅಜ್ಜಿ ಹೇಳಿದ್ದನ್ನೂ ಬರೆದು ಗುಂಪಿಗೆ ಹಾಕುವಾಗ ಮೂರು ನಲವತ್ತು. ತರುಣನ ಉತ್ತರ ಕೂಡಲೇ ಬಂತು: ‘ಚಿತ್ರಕಾರರ ಸೋಮಾರಿತನ ಅದು. ಒಂದೇ ಬಂಡಿ ಬರೆದು ಮೂರು ಕಡೆ ಅಂಟಿಸಿದ್ದಾರೆ.’

ಇರಬಹುದು ಅನ್ನಿಸಿತು ಅವಳಿಗೆ. ಬರೆದದ್ದನ್ನು ಅಳಿಸಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಗುಂಪಿನಲ್ಲಿದ್ದ ನಾಂಪಲ್ಲಿಯ ಉಮಾಶ್ರೀ ನಡುವೆ ಬಾಯಿ ಹಾಕಿದಳು. ‘ಬಂಡಿ ಒಂದೇ, ನೆರಳು ನೋಡು ತರುಣಣ್ಣಾ. ಮೊದಲು ಗಿಡ್ಡ, ಆಮೇಲೆ ಉದ್ದ, ಕೊನೆಗೆ ದಾರಿಯುದ್ದಕ್ಕೂ. ಸೋಮಾರಿಗಳು ಕೂತು ನೆರಳು ತಿದ್ದುತ್ತಾರಾ?’

ತರುಣ ಏನೋ ಬರೆಯುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಪಟ್ಟಿ ಬಂತು. ತೀರಾ ಕೆಳಗೆ, ತುಸು ಸಣ್ಣ ಅಕ್ಷರದಲ್ಲಿ: ‘ಹಗಲ ಕತೆಯ ಕಟ್ಟಳೆ. ಕಂಡವರು ವಿಜಯಶ್ರೀ ಮತ್ತು ಅವರ ಅಜ್ಜಿ. ಸದ್ಯಕ್ಕೆ ಸುಳ್ಳೆನ್ನಲಾಗದು.’

ಆ ಸಾಲನ್ನು ಅವಳು ಮೂರು ಸಲ ಓದಿದಳು. ಅಷ್ಟರಲ್ಲಿ ಹೊಸ ಕಂತು ಬಂತೆಂದು ಫೋನು ಗುಂಯ್‌ಗುಟ್ಟಿತು. ಒಳಗೆ ಏನಿದೆಯೋ, ಎಲ್ಲ ತಲೆಕೆಳಗಾಗಿದೆಯೋ ಏನೋ. ‘ಸದ್ಯಕ್ಕೆ’ ಎಂಬುದು ಇನ್ನೊಂದಿಷ್ಟು ಹೊತ್ತು ನಡೆಯಲಿ ಎಂದು ಅವಳು ಫೋನನ್ನು ಮಗುಚಿಟ್ಟು, ಅಜ್ಜಿಯ ಮುಂದಿನ ಸೊಪ್ಪಿನಲ್ಲಿ ಅರ್ಧ ತನ್ನ ಕಡೆ ಎಳೆದುಕೊಂಡಳು.