ನವಾಬನ ಬಾಲ, ಇಬ್ಬರ ಕಮಾನು

ಶಿಕಾರಿಪುರದ ಜಟಕಾ ನಜೀರ್ ಸಾಬನಿಗೆ ಎರಡು ಹುಚ್ಚು. ಒಂದು, ನವಾಬ ಅನ್ನುವ ಅವನ ಬಿಳಿ ಕುದುರೆ. ಇನ್ನೊಂದು, ಪಿಟೀಲು. ಮೂರನೆಯದು ನೀನೇ ಅಂತ ಹೆಂಡತಿ ಸುಗ್ರಾ ಬೀಗೆ ಆಗಾಗ ಹೇಳುತ್ತಿದ್ದ. ಅವಳು ನಂಬಬೇಕಲ್ಲ! "ಕುದುರೆ ಕೆಮ್ಮಿದ್ರೆ ಎದ್ದು ಕೂರ್ತೀರಿ, ನಾನು ಕೆಮ್ಮಿದ್ರೆ ಆ ಕಡೆ ಹೊರಳ್ತೀರಿ" ಅಂತ ಮೂತಿ ತಿರುವುತ್ತಿದ್ದಳು.

ಇಸವಿ ಐವತ್ತೆಂಟು. ಸೊರಬದ ಕಡೆಗೆ ಬಸ್ಸು ಓಡಾಡಲು ಹತ್ತಿ ಜಟಕಾದವರು ಬೀಡಿ ಸೇದುತ್ತ ಕೂರುವ ಕಾಲ ಬಂದಿತ್ತು. ಆದರೂ ನವಾಬನ ದೌಲತ್ತು ಇಳಿದಿರಲಿಲ್ಲ. ಸುತ್ತಲಿನ ಯಾವ ಮದುಮಗನೂ ಅವನ ಬೆನ್ನು ಬಿಟ್ಟು ಬೇರೆ ಕುದುರೆ ಹತ್ತುತ್ತಿರಲಿಲ್ಲ. ಬೆಣ್ಣೆ ಬಣ್ಣದ ಮೈ, ನೆಲ ಮುಟ್ಟುವ ಬಾಲ. ಆ ಬಾಲದ ಮೇಲೆ ಮದುಮಕ್ಕಳಿಗಿಂತ ಹೆಚ್ಚು ಕಣ್ಣಿಟ್ಟವರು ಇಬ್ಬರಿದ್ದರು. ಪಿಟೀಲಿನ ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು ತಾನೆ! ಬಿಳಿಯದು, ಉದ್ದದ್ದು, ಗಂಟಿಲ್ಲದ್ದು ಬೇಕು. ಅಂಥದ್ದು ಈ ಎರಡು ತಾಲೂಕಿನಲ್ಲಿ ನವಾಬನ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಒಬ್ಬ, ಸೊರಬದ ಕಡೆಯ ಚಂದ್ರಗುತ್ತಿಯ ಹುಲಿಯಪ್ಪ. ಹೆಸರಿನಲ್ಲಿ ಮಾತ್ರ ಹುಲಿ, ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಭಜನೆಯವರ ಜೊತೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಒರಗಿಸಿ ಕಣ್ಣು ಮುಚ್ಚಿದನೆಂದರೆ ಮುಗಿಯಿತು. ಒಂದು ಸ್ವರಕ್ಕೆ ಕಮಾನು ಇಟ್ಟರೆ ಈ ತುದಿಯಿಂದ ಆ ತುದಿಯವರೆಗೆ ಎಳೆಯುವಷ್ಟರಲ್ಲಿ ನೀವು ಒಂದು ಎಲೆಯಡಿಕೆ ಅಗಿದು ಮುಗಿಸಬಹುದು. ಆ ಸ್ವರ ಎಲ್ಲಿ ಮುಗಿಯಿತು, ಸುಮ್ಮನಿರುವುದು ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಬ್ಬ, ಈಸೂರಿನ ವೀರಬಸಪ್ಪ. ನಾಟಕದ ಟೆಂಟಿನವನು. ಇವನದು ಗಿಡ್ಡ ಗಿಡ್ಡ ಏಟು. ಕಮಾನಿನ ಬುಡದಲ್ಲೇ ಚಕಚಕ ಅಂತ ಕೊಯ್ಯುತ್ತಿದ್ದ. ಸ್ಟೂಲಿನ ಮೇಲೆ ಕೂತು ಬಲಗಾಲಿನಿಂದ ನೆಲ ಕುಟ್ಟುತ್ತಿದ್ದ ರಭಸಕ್ಕೆ ಮುಂದಿನ ಸಾಲಿನವರ ಚಪ್ಪಲಿಯ ಮೇಲೆಲ್ಲ ಧೂಳು. ಅತ್ತೆ ಬೈಯುವುದು, ಸೊಸೆ ಗೊಣಗುವುದು, ಮೊಟ್ಟೆಯಿಟ್ಟ ಕೋಳಿ ಊರೆಲ್ಲ ಸಾರುತ್ತ ಓಡುವುದು, ಎಲ್ಲವೂ ಅವನ ನಾಲ್ಕು ತಂತಿಯಲ್ಲಿ ಇದ್ದವು. ಕೋಳಿಯ ಪದಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುತ್ತಲೇ ಕೇಳಿದರೆ ಅದರೊಳಗೆ ತಾಳ ಒಂದು ಕೂದಲೆಳೆಯಷ್ಟೂ ಜಾರಿರುತ್ತಿರಲಿಲ್ಲ.

ಇಬ್ಬರಿಗೂ ಮುಖ ಕಂಡರಾಗದು. ಮುಖ ಕಂಡದ್ದೇ ಅಪರೂಪ ಅನ್ನಿ. ಅವನದು ಕೋಳಿ ಕೂಗಿಸೋ ಪಿಟೀಲು ಅಂತ ಹುಲಿಯಪ್ಪ ಯಾರೊಡನೆಯೋ ಅಂದನಂತೆ. ಅದನ್ನು ಯಾರೋ ಪುಣ್ಯಾತ್ಮರು ಈಸೂರಿಗೆ ಮುಟ್ಟಿಸಿದರು. "ಅವನದು ಹೆಣದ ಮನೆ ಪಿಟೀಲು" ಅಂತ ಅಲ್ಲಿಂದ ಜವಾಬು ಬಂತು. ಅಲ್ಲಿಂದೀಚೆಗೆ ಒಬ್ಬ ಇದ್ದ ಕಡೆ ಇನ್ನೊಬ್ಬ ಕಾಲಿಡುತ್ತಿರಲಿಲ್ಲ.

ನಜೀರ್ ಸಾಬನ ಲಾಯದಲ್ಲಿ ಒಂದು ಪದ್ಧತಿ ಇತ್ತು. ನವಾಬನ ಕೂದಲಿಗೆ ಕಾಸು ಇಲ್ಲ. ಹೊಸ ಕೂದಲು ಕಟ್ಟಿ, ರಾಳ ತಿಕ್ಕಿದ ಕಮಾನಿನ ಮೊದಲ ಪದವನ್ನು ಲಾಯದ ಕಟ್ಟೆಯ ಮೇಲೆ ಕೂತು ನವಾಬನಿಗೆ ನುಡಿಸಬೇಕು. ಆಮೇಲೆ ದೇವರ ಮುಂದೋ ಸಾಹುಕಾರರ ಮುಂದೋ, ಅವರಿಷ್ಟ. ಇದು ನಮ್ಮಪ್ಪನ ಕಾಲದ ಪದ್ಧತಿ ಅಂತ ನಜೀರ್ ಸಾಬ ಹೇಳುತ್ತಿದ್ದ. ಎಲ್ಲ ಇವರೇ ಹುಟ್ಟಿಸಿದ್ದು ಅಂತ ಸುಗ್ರಾ ಬೀ ಹೇಳುತ್ತಿದ್ದಳು. ಯಾರದೇ ಇರಲಿ, ಆ ಹೊತ್ತಿನಲ್ಲಿ ಹುಲ್ಲಿನ ಮೆದೆಗೆ ಒರಗಿ ಕೂತ ನಜೀರ್ ಸಾಬನನ್ನು ಬಸ್ಸು ಬಂತು, ಗಿರಾಕಿ ಬಂತು ಅಂತ ಯಾರು ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಅವನ ಪಾಲಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಎಡವಟ್ಟಾದದ್ದು ಇಲ್ಲೇ. "ಈ ಬಾಲ ನನ್ನ ಕಮಾನಿಗೆ ಮಾತ್ರ, ಬೇರೆಯವರಿಗೆ ಕೊಡಬಾರದು" ಅಂತ ಹುಲಿಯಪ್ಪ ಹಿಂದೊಮ್ಮೆ ಷರತ್ತು ಹಾಕಿದ್ದ. ನಜೀರ್ ಸಾಬ ತಲೆಯಾಡಿಸಿದ್ದ. ವೀರಬಸಪ್ಪನೂ ಅದೇ ಷರತ್ತು ಹಾಕಿದಾಗ ಅದೇ ತಲೆಯನ್ನು ಹಾಗೇ ಆಡಿಸಿದ್ದ. ಬಾಯಿ ಬಿಟ್ಟು ಹೇಳಿದರೆ ಸುಳ್ಳು, ತಲೆಯಾಡಿಸಿದರೆ ಏನೂ ಅಲ್ಲ ಅನ್ನುವುದು ಅವನ ಸಮಾಧಾನ. ಸಂತೆಯ ದಿನ ಹುಲಿಯಪ್ಪ, ಸಂತೆಯಿಲ್ಲದ ದಿನ ವೀರಬಸಪ್ಪ, ಹೀಗೆ ವರ್ಷಗಟ್ಟಲೆ ನಡೆದುಹೋಯಿತು. ವರ್ಷಕ್ಕೊಮ್ಮೆ ಇವನಿಗಿಷ್ಟು ಅವನಿಗಿಷ್ಟು ಒಳಗಿನಿಂದ ಕತ್ತರಿಸಿ ಕೊಟ್ಟರೆ ನೆಲ ಮುಟ್ಟುವ ಬಾಲಕ್ಕೆ ಅದೊಂದು ಲೆಕ್ಕವೇ?

ಆ ವರ್ಷ ಊರಿನ ಪರಮಶಿವಪ್ಪ ಸಾಹುಕಾರರ ಮಗಳ ಮದುವೆ ಗೊತ್ತಾಯಿತು. ಗಂಡು ಸೊರಬದವನು. ಮದುಮಗನ ಮೆರವಣಿಗೆಗೆ ನವಾಬನೇ ಬೇಕು ಅಂತ ಸಾಹುಕಾರರು ಹೇಳಿ ಕಳಿಸಿದರು. ನಮ್ಮ ಕಡೆಯಿಂದ ಹುಲಿಯಪ್ಪನ ಪಿಟೀಲು ಅಂತ ಬೀಗರು ಅಂದರು. ಹಾಗಿದ್ದರೆ ನಮ್ಮ ಕಡೆಯಿಂದ ವೀರಬಸಪ್ಪ ಅಂತ ಸಾಹುಕಾರರು ಅಂದರು. ಮರ್ಯಾದೆಯ ಪ್ರಶ್ನೆ, ಪಿಟೀಲಿನವರಿಬ್ಬರೂ ಒಪ್ಪಿಕೊಂಡರು.

ಸಂತೆಯ ದಿನ ಹುಲಿಯಪ್ಪ ಬಂದ. "ದೊಡ್ಡ ಮದ್ವೆ ಸಾಬ್ರೇ. ಎದುರಿಗೆ ಆ ಕೋಳಿಯವ ಕೂರ್ತಾನಂತೆ. ಈ ಸಲ ಕಮಾನಿಗೆ ಪೂರ್ತಿ ಹೊಸ ಕೂದ್ಲೇ ಆಗ್ಬೇಕು, ಬುಡದಿಂದ ಕೊಡಿ" ಅಂದ. ನಜೀರ್ ಸಾಬ ಕೊಟ್ಟ. ಬಾಲ ಅರ್ಧವಾಯಿತು. ಹುಲಿಯಪ್ಪ ಕಟ್ಟೆಯ ಮೇಲೆ ಕೂತು ನುಡಿಸಿದ ಪದಕ್ಕೆ ನವಾಬ ಹುಲ್ಲು ಮೇಯುವುದನ್ನು ಬಿಟ್ಟು ನಿಂತ.

ಮರುದಿನ ವೀರಬಸಪ್ಪ. "ಏನ್ರೀ ಸಾಬ್ರೇ, ಬಾಲ ಸಣ್ಣಗಾಗೇತಲ್ರೀ?"

"ಬಿಸಿಲಿಗೆ" ಅಂದ ನಜೀರ್ ಸಾಬ.

"ಬಿಸಿಲಿಗಾರ ಉದುರಲಿ, ಮಳೆಗಾರ ಉದುರಲಿ, ಉಳಿದದ್ದು ನನಗ ಕೊಡ್ರಿ. ಆ ಹೆಣದ ಮನೆಯವನ ಎದುರಿಗೆ ನಾನು ಹಳೇ ಕಮಾನು ಹಿಡೀಬೇಕೇನು?"

ಕೊಡಲ್ಲ ಅಂದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಎರಡರಲ್ಲಿ ಒಂದು ಪಿಟೀಲು ಈ ಕಟ್ಟೆಗೆ ಇನ್ನು ಬರುವುದಿಲ್ಲ. ಎರಡೂ ಹೋದರೂ ಹೋದವೇ. ಅದನ್ನು ನೆನೆದೇ ನಜೀರ್ ಸಾಬ ಒಳಗೆ ಹೋದ. ಕತ್ತರಿ ತಂದ. ವೀರಬಸಪ್ಪ ಕಾಲು ಕುಟ್ಟಿ ಕುಟ್ಟಿ ನುಡಿಸಿದ, ನವಾಬ ಕಿವಿ ನಿಮಿರಿಸಿ ತಾನೂ ಗೊರಸು ಕುಟ್ಟಿದ. ಆಹಾ, ಏನು ಆನಂದ! ಪದ ಮುಗಿದು, ವೀರಬಸಪ್ಪ ಹೋಗಿ, ನಜೀರ್ ಸಾಬ ಕುದುರೆಯ ಹಿಂದೆ ಬಂದು ನೋಡಿದರೆ ಅಲ್ಲಿ ಇದ್ದದ್ದು ಸವೆದ ಪೊರಕೆ.

ಸುಗ್ರಾ ಬೀ ಹಣೆ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ನಾಳಿದ್ದು ಮೆರವಣಿಗೆ. ಊರಿಗೆ ಊರೇ ಕುದುರೆ ಹಿಂದೆ ನಡೀತದೆ. ನಡೆಯೋರ ಕಣ್ಣು ಎಲ್ಲಿರ್ತದೆ ಹೇಳಿ? ಬಾಲದ ಮೇಲೇ!"

"ಏನಾದ್ರೂ ಮಾಡೇ" ಅಂದ ನಜೀರ್ ಸಾಬ ಮುಖ ಸಣ್ಣದು ಮಾಡಿಕೊಂಡು.

ಸುಗ್ರಾ ಬೀ ಹೂ ಕಟ್ಟುವವಳು. ಊರಿನ ಮದುವಣಗಿತ್ತಿಯರ ಮೊಗ್ಗಿನ ಜಡೆಯೆಲ್ಲ ಅವಳ ಕೈಯದೇ. ಬೈಯುತ್ತ ಬೈಯುತ್ತಲೇ ಬಾಳೆಪಟ್ಟೆಯನ್ನು ಕುದುರೆ ಬಾಲದ ಅಳತೆಗೆ ಕತ್ತರಿಸಿ, ಮಲ್ಲಿಗೆ ಮೊಗ್ಗು ಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ ಕೂರಿಸಿ, ತುದಿಗೆ ಕುಚ್ಚು ಬಿಟ್ಟಳು. ಗಂಡು ಕುದುರೆಗೆ ಮೊಗ್ಗಿನ ಜಡೆ! ಮಗಳು ಅಫ್ಸರ್ ನಕ್ಕೂ ನಕ್ಕೂ ಬಿಕ್ಕಳಿಸಿದಳು. ನವಾಬ ಮಾತ್ರ ಗತ್ತಿನಿಂದಲೇ ನಿಂತಿದ್ದ.

ಮೆರವಣಿಗೆಯ ದಿನ ಜನ ಬಾಯಿ ಬಿಟ್ಟು ನೋಡಿದರು. ಸಾಹುಕಾರರ ಮನೆ ಮದುವೆ ಅಂದರೆ ಹೀಗಿರಬೇಕು, ಕುದುರೆಗೂ ಜಡೆ ಹಾಕಿಸಿದ್ದಾರೆ ಅಂತ ಮಾತಾಡಿಕೊಂಡರು. ಪರಮಶಿವಪ್ಪ ಸಾಹುಕಾರರು ಅದು ತಮ್ಮದೇ ಏರ್ಪಾಡು ಅನ್ನುವ ಹಾಗೆ ಮೀಸೆ ತೀಡಿದರು. ಬದುಕಿದೆ ಅಂದುಕೊಂಡ ನಜೀರ್ ಸಾಬ.

ಚಪ್ಪರದ ಬಾಗಿಲಿನ ಆ ಕಡೆ ಹುಲಿಯಪ್ಪ, ಈ ಕಡೆ ವೀರಬಸಪ್ಪ ಕೂತಿದ್ದರು. ಒಬ್ಬರಿಗೊಬ್ಬರು ಬೆನ್ನು ಕೊಟ್ಟೇ ಇದ್ದರು. ಕುದುರೆ ಇಬ್ಬರ ನಡುವೆ ಬಂದು ನಿಂತಿತು. ಮದುಮಗ ಇಳಿಯಬೇಕು, ಅಷ್ಟರಲ್ಲಿ ಬೆಲ್ಲದ ಪಾನಕಕ್ಕೆ ಬಂದಿದ್ದ ನೊಣವೊಂದು ನವಾಬನ ತೊಡೆಯ ಮೇಲೆ ಕೂತಿತು. ನವಾಬ ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದ. ಬಾಲ ಬೀಸಿದ.

ಜಡೆ ಹಾರಿತು. ಹಾರಿ, ಮದುಮಗನ ಅಜ್ಜಿ ದ್ಯಾಮಮ್ಮನ ಮಡಿಲಿಗೆ ಬಿತ್ತು. ಕುದುರೆಯ ಹಿಂದೆ ಮೋಟು ಪೊರಕೆ ಮಾತ್ರ ಆ ಕಡೆ ಈ ಕಡೆ ಆಡುತ್ತಿತ್ತು.

ಸಾಹುಕಾರರ ಮೀಸೆ ನಡುಗತೊಡಗಿತು. ದ್ಯಾಮಮ್ಮ ಜಡೆಯನ್ನು ಎತ್ತಿ ಹಿಡಿದು, "ನೋಡ್ರೇ, ಕುದ್ರೆನೂ ನಮ್ ಸೊಸೆಗೆ ಜಡೆ ಕೊಡ್ತು! ಒಳ್ಳೇ ಶಕುನ!" ಅಂತ ನಕ್ಕಳು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಸಾಹುಕಾರರ ಮಾನ ಉಳಿಯಿತು.

ಇಬ್ಬರು ಮಾತ್ರ ನಗಲಿಲ್ಲ. ಹುಲಿಯಪ್ಪ ಮೋಟು ಬಾಲ ನೋಡಿದ, ತನ್ನ ಕಮಾನು ನೋಡಿದ, ಆಮೇಲೆ ಎದುರಿನವನ ಕಮಾನು ನೋಡಿದ. ವೀರಬಸಪ್ಪನೂ ಅಷ್ಟನ್ನೇ ನೋಡಿದ. ಬೆಣ್ಣೆ ಬಣ್ಣದ, ಗಂಟಿಲ್ಲದ, ಒಂದೇ ಕೂದಲು. ಇಬ್ಬರೂ ಒಟ್ಟಿಗೇ ನಜೀರ್ ಸಾಬನ ಕಡೆ ತಿರುಗಿದರು. ಅವನು ನವಾಬನ ಮರೆಗೆ ಸರಿದ.

ಮರುದಿನ ಬೆಳಿಗ್ಗೆ ಇಬ್ಬರೂ ಲಾಯಕ್ಕೆ ಬಂದರು. ಜೊತೆಯಲ್ಲಿ ಬಂದದ್ದಲ್ಲ, ಬೀದಿಯ ಆ ತುದಿಯಿಂದ ಒಬ್ಬ, ಈ ತುದಿಯಿಂದ ಒಬ್ಬ. ಇಬ್ಬರ ಕಂಕುಳಲ್ಲೂ ಪಿಟೀಲು. ವೀರಬಸಪ್ಪ ತನ್ನ ಕಮಾನನ್ನು ಕಟ್ಟೆಯ ಮೇಲೆ ಕುಕ್ಕಿದ. "ತಗೋರಿ ನಿಮ್ಮ ಕೂದಲ! ಇಷ್ಟು ವರ್ಷ ನನ್ನ ಕಿವಿಗೆ ಹೂ ಇಟ್ರಿ!"

"ನಂಗೂ ಬೇಡ ಮಾರಾಯ್ರೇ. ಇನ್ನು ಈ ಬಾಗ್ಲಿಗೆ ಬಂದ್ರೆ ಕೇಳಿ" ಅಂದ ಹುಲಿಯಪ್ಪ. ಅವನ ದನಿ ಅಷ್ಟು ದೊಡ್ಡದಾದದ್ದನ್ನು ಯಾರೂ ಕೇಳಿರಲಿಲ್ಲ.

"ಹಂಗೇ ಹೋಗಾದು ಬ್ಯಾಡ" ಅಂದ ವೀರಬಸಪ್ಪ, "ಇಬ್ಬರದೂ ಕೇಳ್ಯಾರ ಇವರೊಬ್ಬರೇ. ಯಾರು ಹೆಚ್ಚು ಅಂತ ಹೇಳಿಬಿಡ್ರಿ. ತಲಿ ಆಡಿಸಬ್ಯಾಡ್ರಿ, ಬಾಯಿ ಬಿಟ್ಟು ಹೇಳ್ರಿ."

ನಜೀರ್ ಸಾಬ ನವಾಬನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಏನು ಹೇಳಿದರೂ ಒಬ್ಬ ಹೋಗುತ್ತಾನೆ. ಸುಮ್ಮನಿದ್ದರೆ ಇಬ್ಬರೂ ಹೋಗುತ್ತಾರೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಮ್ಮ ಅಮ್ಮ ತೀರಿಕೊಂಡಾಗ ನನಗೆ ಅಳು ಬರಲಿಲ್ಲ ಕಣ್ರೀ" ಅಂದ. "ಮಣ್ಣು ಮಾಡಿ ಬಂದೆ, ಬರಲಿಲ್ಲ. ಎಲ್ಲಾರೂ ಕಲ್ಲು ಮನುಷ್ಯ ಅಂದ್ರು. ಗಾಡಿ ಕಟ್ಟಿಕೊಂಡು ಚಂದ್ರಗುತ್ತಿಗೆ ಬಂದೆ. ಹುಲಿಯಪ್ಪಣ್ಣ, ನೀವು ಜಗಲಿ ಮೇಲೆ ಕೂತು ಏನೋ ನುಡಿಸ್ತಾ ಇದ್ರಿ. ನಾನು ಬಂದದ್ದೂ ನಿಮಗೆ ಗೊತ್ತಿಲ್ಲ. ರಸ್ತೇಲೇ ಗಾಡಿ ನಿಲ್ಲಿಸಿ ಅತ್ತೆ. ಸಾಕಾಗೋವರೆಗೂ ಅತ್ತೆ."

ಹುಲಿಯಪ್ಪ ನೆಲ ನೋಡಿದ.

"ಮಗಳು ಹುಟ್ಟಿದಾಗ ಸಂತೋಷ ತಡಕೊಳ್ಳೋಕಾಗಲಿಲ್ಲ. ಎಷ್ಟು ವರ್ಷಕ್ಕೆ ಹುಟ್ಟಿದ ಮಗು! ಯಾರ ಹತ್ರ ಹೋಗ್ಲಿ? ನಾಟಕದ ಟೆಂಟಿಗೆ ಓಡಿದೆ. ವೀರಬಸಪ್ಪಾರೇ, ನೀವು ಆ ಕೋಳಿ ಪದ ಹಿಡಿದ್ರಿ. ಗಂಡಸು ನಾನು, ಬೆಂಚಿನ ಮೇಲೆ ಹತ್ತಿ ಕುಣಿದೆ. ಗೇಟಿನವನು ಕುಡಿದಾನೆ ಅಂತ ಹೊರಗೆ ದಬ್ಬಿದ." ಅವನ ಕಣ್ಣು ತುಂಬಿತು. "ಈಗ ಯಾರನ್ನ ಬಿಡ್ಲಿ ನೀವೇ ಹೇಳಿ. ಅಮ್ಮನ್ನ ಬಿಡ್ಲಾ, ಮಗಳನ್ನ ಬಿಡ್ಲಾ? ನಾನು ಮೋಸ ಮಾಡಿದ್ದು ಹೌದು. ಎರಡೂ ಬೇಕಾಗಿತ್ತು, ಅದಕ್ಕೆ ಮಾಡಿದೆ."

ಬಾಗಿಲಲ್ಲಿ ನಿಂತಿದ್ದ ಸುಗ್ರಾ ಬೀ ಸೆರಗಿನಿಂದ ಮೂಗು ಒರೆಸಿಕೊಂಡಳು. ನವಾಬ ಮೋಟು ಬಾಲ ಆಡಿಸಿದ.

ವೀರಬಸಪ್ಪ ಕಟ್ಟೆಯ ಮೇಲೆ ಕೂತು, ಹುಲಿಯಪ್ಪನ ಮುಖ ನೋಡದೆ ಕೇಳಿದ. "ಆವತ್ತು ಏನು ನುಡಿಸಿದ್ರಿ?"

"ಹೆಸ್ರಿಲ್ಲ ಅದಕ್ಕೆ" ಅಂದ ಹುಲಿಯಪ್ಪ.

"ಹೆಸರಿಲ್ಲದಿದ್ರ ಏನಾತು. ನಾನು ನಿಮ್ಮದು ಒಂದು ಸಲಾನೂ ಕೇಳಿಲ್ರಿ. ಮಂದಿ ಹೇಳಿದ್ದು ಕೇಳಿ ಬೈದೀನಿ."

"ನಾನೂ ಹಂಗೇ" ಅಂದ ಹುಲಿಯಪ್ಪ, ಮತ್ತೆ ಕೇಳಿಸದ ದನಿಯಲ್ಲಿ. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ಪಿಟೀಲಿನ ತಲೆಯನ್ನು ಪಾದಕ್ಕೆ ಒರಗಿಸಿದ, ಕಣ್ಣು ಮುಚ್ಚಿದ. ಕಮಾನು ಈ ತುದಿಯಿಂದ ಆ ತುದಿಗೆ ಹೊರಟಿತು.

ನಜೀರ್ ಸಾಬ ಅದನ್ನು ಹಿಂದೆ ಕೇಳಿದ್ದ. ಹಾಗಾಗಿ ಅವನು ನೋಡಿದ್ದು ವೀರಬಸಪ್ಪನ ಬಲಗಾಲನ್ನು. ಪಿಟೀಲು ಕೇಳಿಸಿದರೆ ಊಟದ ಪಂಕ್ತಿಯಲ್ಲೂ ಕುಟ್ಟುವ ಕಾಲು ಅದು. ಹುಲಿಯಪ್ಪ ಎಳೆದಷ್ಟು ಹೊತ್ತೂ ಅದು ನೆಲದ ಮೇಲೆ ಅಲುಗದೆ ಇತ್ತು. ವೀರಬಸಪ್ಪ ಎರಡೂ ಕೈಯಿಂದ ಮೊಣಕಾಲನ್ನು ಅಮುಕಿ ಹಿಡಿದುಕೊಂಡಿದ್ದ, ಮುಖ ಒದ್ದೆಯಾಗಿತ್ತು.

ಸ್ವರ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಹುಲಿಯಪ್ಪ ಕಣ್ಣು ತೆರೆದ. ವೀರಬಸಪ್ಪ ಕಟ್ಟೆಯ ಮೇಲೆ ಕುಕ್ಕಿದ್ದ ಕಮಾನನ್ನು ತಾನೇ ಎತ್ತಿ, ಅಂಟಿದ್ದ ಹುಲ್ಲನ್ನು ಊದಿ, ಅವನ ಕೈಗೆ ಕೊಟ್ಟ.

"ಇನ್ನು ಕಾಲು ಬಿಡಿ ಮಾರಾಯ್ರೇ" ಅಂದ. "ಆ ಕೋಳಿ ಬರ್ಲಿ. ನಂಗೂ ಕುಣೀಬೇಕು."