ಕೊನೆಯ ಸಾಲು ಹಾಡಿದವರು

ನನ್ನ ಬಾಯಿ ಸುಮ್ಮನಿರುವುದಿಲ್ಲ, ಕೈಗೆ ಅದಕ್ಕಿಂತ ಅವಸರ. ಎರಡೂ ಸೇರಿ ಮಾಡಿದ ಕೆಲಸ ಇದು.

ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನೊಂದು ವೆಬ್‌ಸೈಟ್ ನಡೆಸುತ್ತೇನೆ. ಬೇತಮಂಗಲ, ಬಂಗಾರಪೇಟೆ ಕಡೆಯ ಹೆಂಗಸರು ನಾಟಿಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಹಾಡುವ ಹಾಡುಗಳೆಲ್ಲ ಅಲ್ಲಿವೆ. ಯಾರು ಬೇಕಾದರೂ ಇಳಿಸಿಕೊಂಡು ಹಂಚಬಹುದು, ಹಾಡಿದವರ ಹೆಸರು ಹೇಳಿದರೆ ಸಾಕು. ಇಲ್ಲೇ ಪಕ್ಕದ ಕೋರಮಂಡಲ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಸೆಲ್ವರಾಜ್ ಅಣ್ಣನದೂ ಇಂಥದೇ ಒಂದು ಸೈಟು. ಗಣಿ ಕಾರ್ಮಿಕರ ಲೈನ್‌ಮನೆಗಳ ತಮಿಳು ಹಾಡು, ಚರ್ಚಿನ ಬ್ಯಾಂಡು, ಮುಚ್ಚಿಹೋದ ಚಿನ್ನದ ಗಣಿಯ ಸುತ್ತಮುತ್ತಲಿನ ಸದ್ದು, ಎಲ್ಲವನ್ನೂ ಅವರು ಕೂಡಿಟ್ಟಿದ್ದಾರೆ.

ಹೋದ ತಿಂಗಳು ಎರಡೂ ಸೈಟುಗಳನ್ನು ಜೋಡಿಸಿದೆವು. ಇಲ್ಲಿ ಹುಡುಕಿದರೆ ಅಲ್ಲಿಯದೂ ಸಿಗಬೇಕು. ಒಂದೇ ಧಾಟಿಯವು ಕಂಡರೆ ಒಂದರ ಹಿಂದೆ ಇನ್ನೊಂದನ್ನು ಸೇರಿಸಿ ನುಡಿಸುವ ಹಾಗೆ ಅಣ್ಣ ಪ್ರೋಗ್ರಾಂ ಬರೆದಿದ್ದರು. ಅದಕ್ಕೆ ಪ್ರತಿ ಹಾಡಿನ ಎದುರೂ ಟಿಕ್ ಹಾಕಬೇಕು: 'ಬೇರೆಯವರು ಸೇರಿಸಬಹುದು, ಬದಲಿಸಬಹುದು.' ನಾನೂರು ಹಾಡು! ಒಂದೊಂದನ್ನೇ ಯಾರು ನೋಡುತ್ತಾ ಕೂರುತ್ತಾರೆ ಎಂದು ಎಲ್ಲಕ್ಕೂ ಒಟ್ಟಿಗೆ ಹಾಕಿಬಿಟ್ಟೆ.

ಅದರಲ್ಲಿ ನಮ್ಮ ಅಜ್ಜಿ ಮುನಿನಾರಾಯಣಮ್ಮನ ಹಾಡೂ ಇತ್ತು.

ಅದು ಸಾವಿನ ಹಾಡು. ಕೊನೆಯ ಸಾಲಿನಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು, ಇನ್ನು ಹೊರಡು ಎಂದು ಅಪ್ಪಣೆ ಕೊಡಬೇಕು. ನಮ್ಮ ಮನೆತನದಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಜನ್ಮದಲ್ಲಿ ಅದೊಂದೇ ಸಲ. ತಾತ ಗಣಿಗೆ ಇಳಿದವರು, ಒಳಗೆ ಬಂಡೆ ಸಿಡಿದ ದಿನ ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಜ್ಜಿ ಅವತ್ತು ಹಾಡನ್ನೆಲ್ಲ ಹಾಡಿ ಕೊನೆಯ ಸಾಲಿಗೆ ಬಾಯಿ ಮುಚ್ಚಿಕೊಂಡಳಂತೆ. ಹಾಡು ಮುಗಿಯದೆ ಗಂಡ ಸತ್ತಿಲ್ಲ ಎಂದು ನಲವತ್ತು ವರ್ಷ ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಊರವರು ಆಡಿಕೊಂಡರು, ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

ರೆಕಾರ್ಡ್ ಮಾಡುವ ದಿನವೂ ನನ್ನ ಕೈ ಹಿಡಿದುಕೊಂಡಿದ್ದಳು. "ಆಡ್ತೀನಿ ಕಣೇ. ಆದ್ರೆ ಇದನ್ನ ಯಾರೂ ಮುಗಿಸ್ಬಾರ್ದು. ಮಾತು ಕೊಡು."

"ಯಾರು ಮುಗಿಸ್ತಾರಜ್ಜಿ, ಸುಮ್ನೆ ಹಾಡು," ಎಂದು ನಕ್ಕು ಕೈಮೇಲೆ ಕೈಯಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಜ್ಜಿ ಒಬ್ಬಳೇ ಬಸ್ಸು ಹತ್ತಿ ಬಂದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

"ಆಲಿನ ಡೈರಿ ತಾವ ಪಕ್ಕದ್ಮನೆ ನವ್ಯ ಫೋನ್ನಾಗೆ ಆಕಿದ್ಲು, ನನ್ ಆಡು. ಯಾರೋ ಮುಗಿಸವ್ರೆ."

ಹಾಡು ಹುಡುಕಿ ನುಡಿಸಿದೆ. ಅಜ್ಜಿಯ ಸಣ್ಣ ದನಿ ಎಂದಿನಂತೆ ನಿಲ್ಲುವ ಕಡೆ ನಿಂತಿತು. ನಿಲ್ಲುತ್ತಿದ್ದಂತೆ ಇನ್ನೊಂದು ದನಿ ಎತ್ತಿಕೊಂಡಿತು. ಗಂಡಸಿನದು, ತುಂಬಾ ತಗ್ಗಿನಿಂದ ಬಂದದ್ದು. ಒಂದು ಮಾತೂ ಇಲ್ಲ, ಬರೀ ಧಾಟಿ. ಹನ್ನೊಂದು ಸೆಕೆಂಡು.

ಸೆಲ್ವರಾಜ್ ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ಅಣ್ಣಾ, ನಮ್ಮಜ್ಜಿ ಹಾಡಿಗೆ ಸೇರ್ಕೊಂಡಿದೆಯಲ್ಲ, ಅದನ್ನ ಹಾಡಿದ್ದು ಯಾರು?"

"ಯಾರೂ ಇಲ್ಲ ಮ್ಮಾ. ಕಾತ್ತು, ಬರೀ ಗಾಳಿ. ಹೋದ ವರ್ಷ, ಗಣಿಗೆ ಇಳಿಯೋ ಹಳೇ ಶಾಫ್ಟ್ ಬಾಯಿ ಮುಚ್ಚಿರೋ ಕಾಂಕ್ರೀಟ್ ಮೇಲೆ ಒಂದು ತೂತು ಕಾಣಿಸ್ತು. ಅಲ್ಲಿ ಮೈಕ್ ಇಟ್ಟೆ. ಸುತ್ತ ಒಬ್ಬ ಆಳೂ ಇರ್ಲಿಲ್ಲ, ಸತ್ಯ."

ಯಾವ ಶಾಫ್ಟ್ ಎಂದು ಕೇಳಿದೆ. ಅವರು ಹೇಳಿದ್ದು ತಾತ ಇಳಿದ ಶಾಫ್ಟಿನ ಹೆಸರನ್ನೇ. ಆದರೂ ಧೈರ್ಯ ತೋರಿಸಬೇಕಲ್ಲ, "ಕೇಳಿದ್ಯಾ ಅಜ್ಜಿ, ಬರೀ ಗಾಳಿಯಂತೆ," ಎಂದೆ.

"ಗಾಳಿ ಉಸ್ರು ತಗಂತದಾ?"

ಮತ್ತೆ ನುಡಿಸಿದೆ. ನಡುವೆ ದನಿ ನಿಂತಿತು, ಗಬಕ್ಕನೆ ಉಸಿರೆಳೆದುಕೊಂಡಿತು, ಮತ್ತೆ ಮುಂದುವರಿಯಿತು. ದೂಳು ತುಂಬಿದ ಎದೆಯ ಉಸಿರು ಅದು.

ನಾನು ಅತ್ತೇಬಿಟ್ಟೆ. "ನಾನೇ ಅಜ್ಜಿ ಟಿಕ್ ಹಾಕಿದ್ದು. ನೋಡ್ದೆ ಹಾಕ್ದೆ, ತಪ್ಪು ನಂದು. ಈಗ್ಲೇ ಕಿತ್ತಾಕ್ತೀನಿ."

ಕಿತ್ತು ಏನು ಪ್ರಯೋಜನ, ಅಷ್ಟರಲ್ಲಿ ಅರವತ್ತು ಜನ ಇಳಿಸಿಕೊಂಡಿದ್ದರು. ಅಜ್ಜಿ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸ್ಪೀಕರಿಗೆ ಕಿವಿ ತಾಗಿಸಿ ಕೂತಿದ್ದಳು.

"ಕೊನೇಲಿ ಎಳೀತಾರೆ, ಕೇಳು. ನಾಟಿ ಆಕೋವಾಗ ನನ್ ಜೊತೆ ಆಡಿದ್ರೂ ಇಂಗೇ ಎಳೀತಿದ್ರು ನಿಮ್ ತಾತ. ಮಾತಿಲ್ಲ ನೋಡು ಇದ್ರಾಗೆ. ಮಾತು ನಾನ್ ಏಳ್ಬೇಕು ಅಂತ ಕಾಯ್ತಾವ್ರೆ. ಇಷ್ಟ್ ವರ್ಸ ಕತ್ಲಾಗೆ ಕಾಯ್ಸಿದ್ನಲ್ಲೇ."

ಪರದೆಯ ಮೇಲೆ ಆ ಹನ್ನೊಂದು ಸೆಕೆಂಡಿನ ಕೆಳಗೆ 'ಹಾಡಿದವರ ಹೆಸರು' ಎಂಬ ಜಾಗ ಖಾಲಿಯಿತ್ತು. ಗಾಳಿಗೆ ಯಾರ ಹೆಸರು ಬರೆಯಲಿ ಎಂದು ಅಣ್ಣ ಹಾಗೇ ಬಿಟ್ಟಿದ್ದರು. ಅಲ್ಲೇನಿದೆ ಎಂದು ಅಜ್ಜಿ ಕೇಳಿದಳು, ಓದಿ ಹೇಳಿದೆ.

ಕೆಳಗೆ ಜೆರಾಕ್ಸ್ ಮಿಷನ್ ಓಡುತ್ತಿತ್ತು, ಆಟೋದವನೊಬ್ಬ ಯಾರ ಜೊತೆಗೋ ಜಗಳವಾಡುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿದಳು. ನಲವತ್ತು ವರ್ಷ ಹಾಡದ ಸಾಲನ್ನು ಹಾಡಿದಳು.

"ಮುನಿಸ್ವಾಮಪ್ಪಾ..." ಎಂದು ಕರೆದಳು. ಇನ್ನು ಹೊರಡು ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಾ," ಎಂದಳು.

ಆ ಖಾಲಿ ಜಾಗದಲ್ಲಿ ತಾತನ ಹೆಸರು ಬರೆದೆ. ಸೇವ್ ಒತ್ತಿ ಇನ್ನೊಮ್ಮೆ ನುಡಿಸಿದೆ. ಅಜ್ಜಿಯ ದನಿ ಬಂದು ನಿಂತಿತು. ಅದರ ಹಿಂದೆ ಹನ್ನೊಂದು ಸೆಕೆಂಡು ಗಾಳಿ. ಧಾಟಿ ಇಲ್ಲ, ಉಸಿರಿಲ್ಲ.

ಅಷ್ಟರಲ್ಲಿ ನವ್ಯಳ ಫೋನು ಬಂತು. "ಅಕ್ಕಾ, ಬೆಳಿಗ್ಗೆ ಇಳಿಸ್ಕೊಂಡಿದ್ನಲ್ಲ ಅಜ್ಜಿ ಆಡು, ಅದ್ರಾಗಿದ್ದ ಗಂಡಸಿನ ದನಿ ಎಲ್ಲೋಯ್ತು?"

ಆಮೇಲೆ ಹೇಳ್ತೀನಿ ಎಂದು ಫೋನಿಟ್ಟೆ. ಅಜ್ಜಿಯನ್ನು ಬಸ್ಸು ಹತ್ತಿಸಲು ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೊರಟೆ. ಪೇಟೆಗೆ ಬಂದಾಗಲೆಲ್ಲ ಅಜ್ಜಿ ಸುಬ್ರಮಣಿಯ ಅಂಗಡಿಯಲ್ಲಿ ಒಂದು ಡಜನ್ ಬಳೆ ತೊಟ್ಟುಕೊಳ್ಳದೆ ಹೋದವಳಲ್ಲ. ಅವನು ದೂರದಿಂದಲೇ ನೋಡಿ ಕೂಗಿದ.

"ಬಾಮ್ಮಾ, ಒಸಾ ಅಸಿರು ಬಳೆ ಬಂದವೆ!"

ಅಜ್ಜಿ ಸೆರಗನ್ನು ಕೈಮೇಲೆ ಎಳೆದುಕೊಂಡಳು.

"ಬ್ಯಾಡ ಕಣಪ್ಪಾ," ಎಂದಳು. "ನಮ್ಮೋರು ಇವತ್ತು ಓಗ್ಬುಟ್ರು."